ಮೇ ತಿಂಗಳ ಕಣ್ಣು

ವಿಜಯಪುರದಿಂದ ಅಥಣಿಯ ಕಡೆಗೆ ಹೊರಟರೆ ತಿಕೋಟಾ ಸಮೀಪಿಸುತ್ತಿದ್ದಂತೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿಯ ತೋಟಗಳೂ ಹಸಿರು ಬಲೆ ಹೊದಿಸಿದ ಒಣದ್ರಾಕ್ಷಿಯ ಶೆಡ್ಡುಗಳೂ ಕಾಣತೊಡಗುತ್ತವೆ. ಅದೇ ರಸ್ತೆಯಲ್ಲಿ ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಓಡಾಡಿ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಹೆಚ್ಚುಕಡಿಮೆ ಅಷ್ಟೇ ವರ್ಷ ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಯೋಹಾನನ ಸುವಾರ್ತೆಯ ಹದಿನೈದನೆಯ ಅಧ್ಯಾಯವನ್ನು, ಅಂದರೆ ಯೇಸು ತನ್ನನ್ನು ನಿಜವಾದ ದ್ರಾಕ್ಷಾಬಳ್ಳಿ ಎಂದೂ ತನ್ನ ತಂದೆಯನ್ನು ತೋಟಗಾರನೆಂದೂ ಹೇಳಿದ ಮಾತುಗಳನ್ನು, ಮಕ್ಕಳಿಗೆ ಕಲಿಸಿದ್ದೇನೆ. ಫ್ಲಾನೆಲ್ ಬಟ್ಟೆಯ ಮೇಲೆ ಅಂಟಿಸುವ ಚಿತ್ರಗಳ ಒಂದು ಪೆಟ್ಟಿಗೆ ನನ್ನಲ್ಲಿತ್ತು. ಅದರಲ್ಲಿದ್ದ ದ್ರಾಕ್ಷಿಗೊನೆಯ ಬಣ್ಣ ಕಡುನೇರಳೆ. ನಮ್ಮ ಜಿಲ್ಲೆಯ ತೋಟಗಳಲ್ಲಿ ತೂಗುವ ಗೊನೆಗಳು ಬಹುಪಾಲು ಹಸಿರು ಎಂಬುದು ಎದುರಿಗೆ ಕುಳಿತ ಮಕ್ಕಳಿಗೆಲ್ಲ ಗೊತ್ತಿತ್ತು. ಕಲಿಸುವ ನನಗೆ ಅದು ಒಂದು ದಿನವೂ ಹೊಳೆಯಲಿಲ್ಲ. ದ್ರಾಕ್ಷಿಯ ಎಲೆಯೊಂದನ್ನು ಕೈಯಲ್ಲಿ ಹಿಡಿದು ನೋಡದೆಯೇ ನಾನು ಇಷ್ಟು ವರ್ಷ ದ್ರಾಕ್ಷಾಬಳ್ಳಿಯ ಪಾಠ ಹೇಳಿದ್ದೆ.

ನಾನು ನಿವೃತ್ತಳಾದದ್ದು 2019ರಲ್ಲಿ. ಮರುವರ್ಷ ಕೊರೋನಾ ಬಂದು ದೇವಾಲಯದ ಬಾಗಿಲೂ ಮುಚ್ಚಿದಾಗ, ಹಿತ್ತಲಿನ ಖಾಲಿ ಜಾಗವನ್ನು ನೋಡುತ್ತ ಕೂಡುವುದೊಂದೇ ಕೆಲಸವಾಯಿತು. ತಿಕೋಟಾ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎರಡೂವರೆ ಎಕರೆ ದ್ರಾಕ್ಷಿ ಮಾಡಿಕೊಂಡಿದ್ದಾನೆ. ಒಂದು ದಿನ ಒಣದ್ರಾಕ್ಷಿಯ ಪೊಟ್ಟಣ ಕೊಡಲು ಬಂದವನಿಗೆ, "ನನಗೂ ಒಂದು ಬಳ್ಳಿ ತಂದುಕೊಡೋ ತಮ್ಮಾ, ಕಂಪೌಂಡಿನ ಗ್ವಾಡಿಗೆ ಹಬ್ಬಿಸ್ತೀನಿ" ಎಂದು ಕೇಳಿದೆ. ಅವನು ನನ್ನ ಹಿತ್ತಲಿನ ಮಣ್ಣನ್ನು ಕಾಲಿನಿಂದ ಕೆದರಿ, ಬೋರಿನ ನೀರನ್ನು ಬಾಯಿಗೆ ಹಾಕಿಕೊಂಡು ಉಗುಳಿ, "ಅಕ್ಕಾವ್ರ, ನೀರು ಸವುಳು ಅದಾವು. ಮೊದಲು ಕಾಡು ಹಚ್ಚೂಣು, ಆಮ್ಯಾಲ ನಾಡು ಕೂಡಸೂಣು" ಎಂದನು.

ಅವನು ಕಾಡು ಎಂದದ್ದು ಡಾಗ್‌ರಿಡ್ಜ್ ಎಂಬ ಬೇರುಸಸಿಗೆ. ಅದು ಅಮೆರಿಕದ ಟೆಕ್ಸಸ್ ಪ್ರಾಂತದ ಕಾಡುದ್ರಾಕ್ಷಿಯ ಮೂಲದ್ದು. ಅದರ ಬೇರು ಬರವನ್ನೂ ನೀರಿನ ಉಪ್ಪನ್ನೂ ತಾಳಿಕೊಳ್ಳುತ್ತದೆ. ನಾವು ತಿನ್ನುವ ಥಾಮ್ಸನ್ ಸೀಡ್‌ಲೆಸ್ ಜಾತಿಗೆ ಆ ತಾಳಿಕೆ ಇಲ್ಲ. ಆದ್ದರಿಂದ ನಮ್ಮ ಭಾಗದ ಬೆಳೆಗಾರರು ಬೇಸಿಗೆಯ ಮುಂಚೆ ಕಾಡುಸಸಿಯನ್ನು ನೆಟ್ಟು, ಅದು ಬೇರೂರಿ ಪೆನ್ಸಿಲ್ಲಿನ ದಪ್ಪ ಬಂದ ಮೇಲೆ ಮಳೆಗಾಲದ ಕೊನೆಗೆ ಅದರ ತಲೆಯನ್ನು ಕತ್ತರಿಸಿ, ಸೀಳಿ, ಎರಡು ಕಣ್ಣುಗಳಿರುವ ಒಳ್ಳೆಯ ಜಾತಿಯ ಕಡ್ಡಿಯನ್ನು ಆ ಸೀಳಿನಲ್ಲಿ ಕೂಡಿಸುತ್ತಾರೆ. ನಾನೂ 2021ರ ಫೆಬ್ರುವರಿಯಲ್ಲಿ ಎರಡಡಿ ಗುಂಡಿ ತೋಡಿಸಿ, ತಿಪ್ಪೆಗೊಬ್ಬರ ತುಂಬಿಸಿ ಕಾಡುಸಸಿಯನ್ನು ನೆಟ್ಟೆ. ಸೆಪ್ಟೆಂಬರಿನಲ್ಲಿ ಅವನೇ ಬಂದು ಕಸಿ ಮಾಡಿ, ಗಾಯಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಹೋದನು. ಮೂರನೆಯ ವಾರದಲ್ಲಿ ಮೇಲಿನ ಕಣ್ಣು ಒಡೆದು ಗುಲಾಬಿ ಅಂಚಿನ ಎಲೆ ಕಾಣಿಸಿತು.

ಹಳೆಯ ಅಭ್ಯಾಸ ಬಿಡುವುದು ಕಷ್ಟ. ಆ ಚಿಗುರನ್ನು ನೋಡಿದೊಡನೆ ನನ್ನೊಳಗಿನ ಸಂಡೇ ಸ್ಕೂಲ್ ಟೀಚರು ಎದ್ದು ಕುಳಿತು, ರೋಮಾಪುರದವರಿಗೆ ಪೌಲನು ಬರೆದ ಪತ್ರದ ಹನ್ನೊಂದನೆಯ ಅಧ್ಯಾಯವನ್ನು ತೆರೆದಳು. ಕಾಡು ಎಣ್ಣೆಮರದ, ಅಂದರೆ ಕಾಡು ಆಲಿವ್ ಮರದ, ಕೊಂಬೆಯನ್ನು ಊರ ಎಣ್ಣೆಮರಕ್ಕೆ ಕಸಿಕಟ್ಟಿದ ಉಪಮಾನ ಅಲ್ಲಿದೆ. ಆದರೆ ಓದುತ್ತ ಓದುತ್ತ ಪಾಠ ಕೈಗೂಡದೆ ಹೋಯಿತು, ಏಕೆಂದರೆ ನನ್ನ ಹಿತ್ತಲಿನಲ್ಲಿ ನಡೆದದ್ದು ತೀರ ತಿರುವುಮುರುವು. ಇಲ್ಲಿ ಬೇರು ಕಾಡಿನದು, ಕೊಂಬೆ ನಾಡಿನದು. ಅಲ್ಲಿ ಬೇರು ಒಳ್ಳೆಯದು, ಕೂಡಿಸಿದ ಕೊಂಬೆ ಕಾಡಿನದು. ಇದನ್ನು ಹೇಳಿದಾಗ ನನ್ನ ವಿದ್ಯಾರ್ಥಿ ನಕ್ಕು, "ಹಂಗ್ಯಾರು ಮಾಡ್ತಾರ್ರಿ? ಚಲೋ ಬೇರಿಗೆ ಕಾಡು ಕಡ್ಡಿ ಕೂಡಿಸಿದ್ರ ಕಾಡು ಹಣ್ಣ ಬರ್ತಾವ" ಎಂದನು. ಇಪ್ಪತ್ತನಾಲ್ಕನೆಯ ವಚನದಲ್ಲಿ ಪೌಲನೇ ಅದನ್ನು ಸ್ವಭಾವಕ್ಕೆ ವಿರುದ್ಧವಾದದ್ದು ಎಂದು ಒಪ್ಪಿಕೊಂಡಿದ್ದಾನೆ ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ಆವಾಗ. ಅಷ್ಟು ವರ್ಷ ಆ ಮಾತನ್ನು ನಾನು ಓದಿ ದಾಟಿದ್ದೆ. ಬುದ್ಧಿಯಿರುವ ಯಾವ ಬೆಳೆಗಾರನೂ ಮಾಡದ ಕಸಿಯನ್ನು ದೇವರು ಮಾಡಿದನೆಂಬುದೇ ಪೌಲನ ಬೆರಗು. ಆ ಬೆರಗು ತಿಳಿಯಬೇಕಾದರೆ ಕಸಿ ಕಟ್ಟುವವನ ಹತ್ತಿರ ಒಂದು ಸಲ ನಗೆಗೀಡಾಗಬೇಕಾಗುತ್ತದೆ. ಕೃಪೆ ಎಂಬ ಶಬ್ದವನ್ನು ಸಾವಿರ ಸಲ ಉಚ್ಚರಿಸಿದ ನನಗೆ ಅದರಲ್ಲಿ ಇಷ್ಟು ಹುಚ್ಚುತನವಿದೆಯೆಂದು ಯಾರೂ ಹೇಳಿರಲಿಲ್ಲ.

ಕಸಿ ಹತ್ತಿದ ಮೇಲೆ ಶುರುವಾದದ್ದು ಬುಡದ ಚಿಗುರಿನ ಕಾಟ. ಕಸಿಯ ಗಂಟಿನ ಕೆಳಗಿನಿಂದ ಕಾಡುಬೇರು ತನ್ನದೇ ಚಿಗುರನ್ನು ಹೊರಡಿಸುತ್ತದೆ. ಅದು ಮೇಲಿನ ಒಳ್ಳೆಯ ಚಿಗುರಿಗಿಂತ ದಪ್ಪ, ಬೇಗ ಬೆಳೆಯುತ್ತದೆ. ನಾನು ಮೊದಮೊದಲು ಅದನ್ನು ನೋಡಿ ಬಳ್ಳಿ ಚೆನ್ನಾಗಿ ಬರುತ್ತಿದೆಯೆಂದು ಹಿಗ್ಗಿ, ಕೋಲು ಕೊಟ್ಟು ಕಟ್ಟಿದ್ದೂ ಉಂಟು. ಚಿವುಟಿದ ವಾರದಲ್ಲಿ ಮತ್ತೆ ಬರುತ್ತಿತ್ತು. ಇದು ಯಾವಾಗ ನಿಲ್ಲುತ್ತದೆ ಎಂದು ಕೇಳಿದ್ದಕ್ಕೆ, ತನ್ನ ತೋಟದ ಹನ್ನೆರಡು ವರ್ಷದ ಬಳ್ಳಿಗಳಿಗೂ ಬರುತ್ತದೆಂದೂ, ನೀರು ಬಿಡಲು ಹೋದಾಗ ಬಗ್ಗಿ ಚಿವುಟುತ್ತ ಹೋಗುವುದೇ ರೂಢಿಯೆಂದೂ ಅವನು ಹೇಳಿದನು. ಅರವತ್ತು ದಾಟಿದರೂ ಸಿಟ್ಟು ಹೋಗಲಿಲ್ಲವೆಂದು ಪ್ರಾರ್ಥನೆಯಲ್ಲಿ ಗೋಳಾಡುತ್ತಿದ್ದ ನನಗೆ ಆ ಉತ್ತರದಿಂದ ಸಮಾಧಾನವಾಯಿತೋ ನಿರಾಶೆಯಾಯಿತೋ, ಇಂದಿಗೂ ಹೇಳಲಾರೆ. ಬಗ್ಗಿ ನೋಡುವ ರೂಢಿ ಮಾತ್ರ ಬಂದಿತು.

ಇನ್ನು ಚಾಟ್ನಿಯ, ಅಂದರೆ ಬಳ್ಳಿಯ ಕಡ್ಡಿಗಳನ್ನು ಕತ್ತರಿಸಿ ಸವರುವ ಕೆಲಸದ, ವಿಷಯ. ಶೀತದೇಶಗಳಲ್ಲಿ ದ್ರಾಕ್ಷಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ವರ್ಷಕ್ಕೊಮ್ಮೆ ಸವರಿದರೆ ಸಾಕು. ನಮ್ಮ ಬಿಸಿಲುನಾಡಿನಲ್ಲಿ ಅದು ಮಲಗುವುದಿಲ್ಲವಾದ್ದರಿಂದ ಎರಡು ಸಲ ಕತ್ತರಿ ಹಾಕಬೇಕು. ಏಪ್ರಿಲ್ ಚಾಟ್ನಿಯಲ್ಲಿ ಹಣ್ಣು ಕೊಟ್ಟ ಕಡ್ಡಿಗಳನ್ನೆಲ್ಲ ಒಂದೆರಡು ಕಣ್ಣು ಉಳಿಯುವಂತೆ ಮೋಟು ಮಾಡುತ್ತಾರೆ. ಅದರಿಂದ ಬರುವುದು ಹಣ್ಣಲ್ಲ, ಹೊಸ ಕಡ್ಡಿ. ಅಕ್ಟೋಬರ್ ಚಾಟ್ನಿಯಲ್ಲಿ ಆ ಹೊಸ ಕಡ್ಡಿಗಳ ತುದಿ ಕತ್ತರಿಸುತ್ತಾರೆ; ಹಣ್ಣು ಬರುವುದು ಆಮೇಲೆ. ಹೊರಗಿನವರು ನೋಡುವುದು ಅಕ್ಟೋಬರಿನ ಕೆಲಸವನ್ನೇ. ಏಪ್ರಿಲ್‌ನದು ಬರೀ ಖರ್ಚು, ಬರೀ ಬಿಸಿಲು.

2022ರ ಏಪ್ರಿಲ್ ಚಾಟ್ನಿಯನ್ನು ಅವನೇ ಮಾಡಿಕೊಟ್ಟನು. ಮೇ ತಿಂಗಳಲ್ಲಿ ಹೆಚ್ಚಿನ ಚಿಗುರುಗಳನ್ನು ತೆಗೆದು, ಉಳಿದವುಗಳನ್ನು ಏಳು ಎಲೆಗೆ ಚಿವುಟಿ, ಪ್ರತಿ ಕಡ್ಡಿಗೂ ಬಿಸಿಲು ತಾಗುವಂತೆ ಬಿಡಿಬಿಡಿಯಾಗಿ ಕಟ್ಟಬೇಕೆಂದು ಹೇಳಿ ಹೋಗಿದ್ದನು. ನಾನು ಮಾಡಲಿಲ್ಲ. ನಲವತ್ತು ಡಿಗ್ರಿಯ ಬಿಸಿಲಿನಲ್ಲಿ ಹಿತ್ತಲಿಗೆ ಅಷ್ಟು ದಟ್ಟವಾದ ನೆರಳು ಬಿದ್ದಿತ್ತು. ಸಭೆಯ ಸ್ತ್ರೀಸಮಾಜದವರು ಬಂದು ಅದರ ಕೆಳಗೆ ಚಾಪೆ ಹಾಸಿಕೊಂಡು ಕುಳಿತು ಹೊಗಳಿದ್ದರು. ಅಂಥ ಎಲೆಯನ್ನು ಕೀಳಲು ಕೈ ಬರುತ್ತದೆಯೇ? ಅಕ್ಟೋಬರಿನಲ್ಲಿ ಕತ್ತರಿ ಹಾಕಿ ಹದಿನೈದು ದಿನಕ್ಕೆ ಗೊನೆ ಕಾಣಬೇಕಿದ್ದ ಸ್ಥಳದಲ್ಲೆಲ್ಲ ಸುರುಳಿ ತಂತುಗಳು ಹೊರಟವು. ಇಡೀ ಬಳ್ಳಿಗೆ ಮೂರೇ ಗೊನೆ.

ಆಗ ಅವನು ತೋರಿಸಿದ ಒಂದು ವಸ್ತುವನ್ನು ನಾನು ಮರೆಯಲಾರೆ. ಒಂದು ಚಿಗುರಿನಲ್ಲಿ ಅರ್ಧ ಗೊನೆ, ಅರ್ಧ ತಂತು ಇತ್ತು. ಒಂದೇ ತೊಟ್ಟು, ಒಂದು ಕವಲಿನಲ್ಲಿ ಸಾಸಿವೆಯಂಥ ಮೊಗ್ಗುಗಳು, ಇನ್ನೊಂದು ಕವಲು ಸುರುಳಿಯಾಗಿ ತಂತಿಯನ್ನು ಹಿಡಿದುಕೊಂಡಿತ್ತು. ಬಳ್ಳಿಯಲ್ಲಿ ಗೊನೆಯೂ ತಂತುವೂ ಹುಟ್ಟುವುದು ಒಂದೇ ಮೂಲದಿಂದಂತೆ. ಏಪ್ರಿಲ್ ಚಾಟ್ನಿಯಾಗಿ ಸುಮಾರು ನಲವತ್ತರಿಂದ ಅರವತ್ತನೆಯ ದಿನದೊಳಗೆ, ಎಲೆಯ ಬುಡದಲ್ಲಿ ಅಕ್ಕಿಕಾಳಿನಷ್ಟಿರುವ ಕಣ್ಣಿನ ಒಳಗೆ, ಅದು ಯಾವುದಾಗಬೇಕೆಂಬುದು ನಿಶ್ಚಯವಾಗುತ್ತದೆ. ಆ ದಿನಗಳಲ್ಲಿ ಕಡ್ಡಿಗೆ ಬಿಸಿಲೂ ಆಹಾರವೂ ಸಾಕಷ್ಟು ಸಿಕ್ಕರೆ ಗೊನೆ. ನೆರಳಿನಲ್ಲಿ ಸೊಕ್ಕಿ ಬೆಳೆದರೆ ತಂತು. ಅಕ್ಟೋಬರಿನಲ್ಲಿ ಎಷ್ಟು ನೀರು, ಎಷ್ಟು ಗೊಬ್ಬರ ಕೊಟ್ಟರೂ ಮೇ ತಿಂಗಳಲ್ಲಿ ಆದ ನಿಶ್ಚಯವನ್ನು ತಿದ್ದಲಾಗುವುದಿಲ್ಲ. "ಇದು ಚಪ್ಪರ ಆಗ್ಯದರಿ ಅಕ್ಕಾವ್ರ, ಬೆಳಿ ಆಗಿಲ್ಲ" ಎಂದು ಅವನು ಸಹಜವಾಗಿ ಹೇಳಿದ ಮಾತು ನನಗೆ ಬೈಗುಳದಂತೆ ಕೇಳಿಸಿತು.

ಇದ್ದ ಮೂರು ಗೊನೆಗಳನ್ನೂ ತೆಗೆಯಲು ಹೇಳಿದನು; ಎಳೆಯ ಬಳ್ಳಿ ಮೊದಲು ಮೈ ಕಟ್ಟಿಕೊಳ್ಳಬೇಕು. ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿಯೂ ನೆಟ್ಟ ಮರದ ಹಣ್ಣನ್ನು ಮೊದಲ ಮೂರು ವರ್ಷ ತಿನ್ನಬಾರದೆಂಬ ಕಟ್ಟಳೆಯಿದೆ. ಅದು ಗೊತ್ತಿದ್ದೂ ನಾನು ಒಂದು ಗೊನೆಯನ್ನು ಎಲೆಯ ಮರೆಯಲ್ಲಿ ಕಾಪಾಡಿಕೊಂಡೆ. ಆ ವರ್ಷ ಅಕ್ಟೋಬರಿನ ಮಳೆ ಜೋರಾಗಿತ್ತು. ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಹೊಡೆಯುವ ಸರದಿಯನ್ನು ನಾಲ್ಕು ದಿನ ತಪ್ಪಿಸಿದೆ. ಎಲೆಯ ಹಿಂದೆ ಬಿಳಿ ಬೂಷ್ಟು ಬಂದು, ಅಂದರೆ ದಾವಣಿ ಬಿದ್ದು, ಬಚ್ಚಿಟ್ಟ ಗೊನೆ ಕಂದಿ ಉದುರಿತು. ಅವನಿಗೆ ಹೇಳಲಿಲ್ಲ.

2023ರ ಫೆಬ್ರುವರಿಯಲ್ಲಿ ನಮ್ಮ ಸಭೆಯ ವಾರ್ಷಿಕ ಕೂಟ ನಡೆಯಿತು. ಸಂಡೇ ಸ್ಕೂಲಿನ ಮೇಲ್ವಿಚಾರಣೆ, ಸ್ತ್ರೀಸಮಾಜದ ಕಾರ್ಯದರ್ಶಿತನ, ಹಾಡಿನ ತಂಡ ಮೂರೂ ನನ್ನ ಕೈಯಲ್ಲಿದ್ದವು. ಒಂದೇ ಸಂಜೆ ಮೂರೂ ಹೋದವು. ಹೊಸಬರು ಬರಲಿ ಎಂದರು. ಹೇಳಿದ ರೀತಿಯಲ್ಲಿ ಮರ್ಯಾದೆ ಸಾಲದಾಗಿತ್ತು ಎಂಬಷ್ಟನ್ನು ಬರೆದು ಮುಂದೆ ಹೋಗುತ್ತೇನೆ. ಮನೆಗೆ ಬಂದು ಅತ್ತೆ. ಆ ವಾರವೇ ಬೂದಿ ಬುಧವಾರ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸಕಾಲದ ಮೊದಲ ದಿನ, ಫೆಬ್ರುವರಿ 22. ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಅಂದಿನಿಂದ ದಿನಕ್ಕೊಂದು ಕೀರ್ತನೆ ಓದುವುದೆಂದು ಇಟ್ಟುಕೊಂಡೆ. ಪಾಠಕ್ಕಾಗಿ ಟಿಪ್ಪಣಿ ಮಾಡಿಕೊಳ್ಳದೆ ಬೈಬಲ್ಲನ್ನು ಓದಿದ್ದು ಎಷ್ಟೋ ವರ್ಷಗಳ ಮೇಲೆ ಅದೇ ಮೊದಲು.

ಈಸ್ಟರ್ ಮುಗಿದ ಮರುದಿನ, ಏಪ್ರಿಲ್ 10ರಂದು, ಕತ್ತರಿಯನ್ನು ನಾನೇ ಹಿಡಿದೆ. ಅವನು ಬದಿಗೆ ನಿಂತು ಹೇಳುತ್ತಿದ್ದನು. ಕತ್ತರಿಸಿದ ಮೋಟುಗಳಿಂದ ನೀರು ಹನಿಹನಿಯಾಗಿ ಒಸರಿತು. ಬಳ್ಳಿ ಅಳುತ್ತಿದೆ ಎನ್ನಲು ನಾಲಿಗೆಯ ತುದಿಗೆ ಮಾತು ಬಂದಿತ್ತು. ಬೇರು ಜೀವಂತವಾಗಿದ್ದು ಕೆಳಗಿನಿಂದ ನೀರನ್ನು ಒತ್ತುತ್ತಿರುವುದರ ಗುರುತು ಅದು ಎಂದು ಅವನು ಮೊದಲೇ ಹೇಳಿಬಿಟ್ಟನು.

ಅದೇ ವಾರ ನಮ್ಮ ಸಭಾಪಾಲಕರು ಮನೆಗೆ ಬಂದಿದ್ದರು. ಸಮಾಧಾನ ಹೇಳಲು ಬಂದವರೆಂದು ನನಗೆ ತಿಳಿದಿತ್ತು. ಯೋಹಾನ ಹದಿನೈದರ ಎರಡನೆಯ ವಚನದಲ್ಲಿ ಗ್ರೀಕ್ ಮೂಲದ ಎರಡು ಕ್ರಿಯಾಪದಗಳು ಪ್ರಾಸದಂತೆ ಬರುತ್ತವೆಂದು ಅವರು ತಿಳಿಸಿದರು. ಫಲ ಕೊಡದ ಕೊಂಬೆಯನ್ನು ತೆಗೆದುಹಾಕುವುದಕ್ಕೆ 'ಐರೆಯ್', ಕೊಡುವ ಕೊಂಬೆಯನ್ನು ಸವರುವುದಕ್ಕೆ 'ಕಥೈರೆಯ್'. ಎರಡನೆಯದರ ಅರ್ಥ ಶುಚಿ ಮಾಡುವುದು, ಮತ್ತು ಮೂರನೆಯ ವಚನದಲ್ಲಿ ಶಿಷ್ಯರನ್ನು ಕುರಿತು ನೀವು ಈಗಾಗಲೇ ಶುದ್ಧರು ಎನ್ನುವಲ್ಲಿಯೂ ಅದೇ ಧಾತುವಿನ ಶಬ್ದವಿದೆ. ಅಂದರೆ ತಂದೆಯ ಕತ್ತರಿ ಹೋಗುವುದು ಫಲ ಕೊಟ್ಟ ಕೊಂಬೆಯ ಕಡೆಗೇ. ಮಾತು ಸುಂದರವಾಗಿತ್ತು. ಆದರೆ ವಾರ್ಷಿಕ ಕೂಟದಲ್ಲಿ ನಡೆದದ್ದು ದೇವರ ಚಾಟ್ನಿ ಎಂದು ಅವರು ಮುಂದುವರಿಸಿದಾಗ ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಕತ್ತರಿ ಹಿಡಿದ ಪ್ರತಿಯೊಬ್ಬನೂ ತೋಟಗಾರನಲ್ಲ. ಹಾಗೆಂದುಕೊಂಡರೆ ಯಾರು ಯಾರನ್ನು ಕಡಿದು ಹಾಕಿದರೂ ಅದಕ್ಕೆ ದೇವರ ಹೆಸರು ಅಂಟಿಸಿಬಿಡಬಹುದು. ಕತ್ತರಿಸಿದವರು ಯಾರೇ ಇರಲಿ, ಆ ಗಾಯದ ಮೇಲಿನ ಕಣ್ಣು ಒಡೆಯುವಂತೆ ಮಾಡುವುದು ದೇವರಿಗೆ ಅಸಾಧ್ಯವಲ್ಲ ಎಂಬಷ್ಟನ್ನು ಮಾತ್ರ ನಾನು ಒಪ್ಪಿದೆ. ಸಭಾಪಾಲಕರು ಚಹಾ ಕುಡಿದು, ಅದೂ ಸರಿ ಎಂದರು.

ಆ ಮೇ ತಿಂಗಳಲ್ಲಿ ನಾನು ಹೇಳಿದಷ್ಟನ್ನೇ ಮಾಡಿದೆ. ಬೆಳಿಗ್ಗೆ ಆರಕ್ಕೆ ಎದ್ದು ಹೆಚ್ಚಿನ ಚಿಗುರು ತೆಗೆದೆ, ಏಳು ಎಲೆಗೆ ಚಿವುಟಿದೆ, ಪಕ್ಕದ ಕವಲನ್ನು ಬೆಳೆಸಿ ಕಟ್ಟಿದೆ, ಅವನು ಹೇಳಿದ ದಿನದಿಂದ ನೀರನ್ನು ಕಡಿಮೆ ಮಾಡಿದೆ. ನೆರಳು ಹೋಯಿತು. ಹಿತ್ತಲು ಬಿಕೋ ಎನ್ನುತ್ತಿತ್ತು. ಸ್ತ್ರೀಸಮಾಜದವರು ಆ ವರ್ಷ ಬರಲಿಲ್ಲ. ಕೆಲಸ ಮುಗಿಸಿ ಕಟ್ಟೆಯ ಮೇಲೆ ಕುಳಿತು ಅಂದಿನ ಕೀರ್ತನೆಯನ್ನು ಓದುತ್ತಿದ್ದೆ. ಮನಸ್ಸು ಕರಗಿತೆಂದು ಹೇಳಿದರೆ ಸುಳ್ಳಾಗುತ್ತದೆ. ಜೋಳ ಹಸನು ಮಾಡಿದ ಹಾಗೆ ಓದಿ ಮುಗಿಸುತ್ತಿದ್ದೆ, ಅಷ್ಟೇ. ನನ್ನ ದಿನಚರಿಯ ಮೇ 20ರ ಪುಟದಲ್ಲಿ ಎರಡು ಸಾಲುಗಳಿವೆ: "ಕೀರ್ತನೆ 88. ಕತ್ತಲೆಯಲ್ಲೇ ಮುಗಿಯಿತು." "ಚಾಟ್ನಿಯಾಗಿ 40 ದಿನ. ಏನೂ ಕಾಣುವುದಿಲ್ಲ." ಕೀರ್ತನೆಗಳಲ್ಲಿ ಹೆಚ್ಚಿನವು ಎಷ್ಟು ಗೋಳಾಡಿದರೂ ಕೊನೆಗೆ ಸ್ತುತಿಗೆ ತಿರುಗುತ್ತವೆ, ಎಂಬತ್ತೆಂಟನೆಯದು ತಿರುಗುವುದಿಲ್ಲ. ಅಂಥ ಪ್ರಾರ್ಥನೆಗೂ ದೇವರ ಪುಸ್ತಕದಲ್ಲಿ ಸ್ಥಳವಿದೆಯೆಂದು ಮಕ್ಕಳಿಗೆ ನಾನು ಒಂದು ಸಲವೂ ಹೇಳಿರಲಿಲ್ಲ, ಆ ಕೀರ್ತನೆಯನ್ನು ಕಲಿಸಿರಲೂ ಇಲ್ಲ.

ಗಿಡದ ಕಷ್ಟಕ್ಕೂ ನನ್ನ ಕಷ್ಟಕ್ಕೂ ತಿಂಗಳು ಸರಿಹೊಂದಿದ್ದು ಬೋಧನೆಗೆ ಅನುಕೂಲವಾದ ಮಾತು, ಆದ್ದರಿಂದ ಅದರ ಬಗ್ಗೆ ನನಗೆ ಸ್ವಲ್ಪ ಸಂಶಯವೂ ಇದೆ. ಆದರೂ ಕಣ್ಣಿನೊಳಗೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲವೆಂಬುದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ಅಕ್ಟೋಬರ್ ಚಾಟ್ನಿಗೆ ಮುಂಚೆ ಬೆಳೆಗಾರರು ಕಡ್ಡಿಗಳನ್ನು ಪ್ರಯೋಗಾಲಯಕ್ಕೆ ಒಯ್ದು, ಕಣ್ಣುಗಳನ್ನು ಸೀಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಎಷ್ಟನೆಯ ಕಣ್ಣಿನಲ್ಲಿ ಗೊನೆಯಿದೆಯೆಂದು ತಿಳಿದುಕೊಳ್ಳುತ್ತಾರೆ. ತನ್ನ ಕಡ್ಡಿಗಳ ಜೊತೆಗೆ ನನ್ನ ಎರಡನ್ನೂ ಒಯ್ದಿದ್ದ ಅವನು ಫೋನ್ ಮಾಡಿ, "ಅಕ್ಕಾವ್ರ, ಗೊನಿ ಅದಾವ" ಎಂದನು. ಕಡ್ಡಿ ಹೊರಗೆ ಒಣ ಕಟ್ಟಿಗೆಯ ಹಾಗೆ ಕಂದುಬಣ್ಣಕ್ಕೆ ತಿರುಗಿತ್ತು. ನಾಲ್ಕು ತಿಂಗಳಿಂದ ಗೊನೆಗಳು ಅದರೊಳಗೇ ಇದ್ದವು.

ಅದು ಬರಗಾಲದ ವರ್ಷ. ಹಿಂಗಾರು ಕೈಕೊಟ್ಟಿತು, ಜೋಳದ ಹೊಲಗಳು ಬಿರುಕು ಬಿಟ್ಟವು. ದಾವಣಿಯ ಕಾಟವೂ ಹಾಗಾಗಿ ಕಡಿಮೆಯಿತ್ತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಕ್ಟೋಬರ್ 12ರಂದು ಕತ್ತರಿ ಹಾಕಿದ ಮೇಲೆ ನಲವತ್ತಕ್ಕೂ ಹೆಚ್ಚು ಗೊನೆಗಳು ಬಂದವು. ಅವನು ಬಂದು ಅರ್ಧದಷ್ಟನ್ನು ತೆಗೆದನು. ಉಳಿದ ಗೊನೆಗಳಲ್ಲಿಯೂ ಸಣ್ಣ ಕತ್ತರಿಯಿಂದ ಕಾಯಿಗಳನ್ನು ವಿರಳ ಮಾಡಿಸಿದನು. ಈ ಸಲ ನಾನು ಯಾವುದನ್ನೂ ಬಚ್ಚಿಡಲಿಲ್ಲ. ಹಿಂದೆ ಮೂರು ಜವಾಬ್ದಾರಿಗಳಲ್ಲಿ ಒಂದನ್ನಾದರೂ ನಾನಾಗಿ ಬಿಟ್ಟಿದ್ದರೆ ಮಕ್ಕಳ ಪಾಠವಾದರೂ ಚೆನ್ನಾಗಿರುತ್ತಿತ್ತೇನೋ ಎಂಬ ಯೋಚನೆ ಆ ಕತ್ತರಿಯ ಕೆಲಸದ ನಡುವೆ ಬಂದು ಹೋಯಿತು.

2024ರ ಫೆಬ್ರುವರಿಯ ಮೂರನೆಯ ವಾರ ಹಣ್ಣು ಇಳಿಸಿದಾಗ ಒಟ್ಟು ಒಂಬತ್ತು ಕಿಲೋ ತೂಗಿತು. ಓಣಿಯವರಿಗೆ ಹಂಚಿ ಉಳಿದ ನಾಲ್ಕು ಕಿಲೋ ಹಣ್ಣನ್ನು, ಶೆಡ್ಡಿನಲ್ಲಿ ಮಾಡುವ ಹಾಗೆ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿ, ಮಾಳಿಗೆಯ ನೆರಳಿನಲ್ಲಿ ಬಲೆಯ ಮೇಲೆ ಹರವಿದೆ. ಹದಿನೆಂಟು ದಿನಕ್ಕೆ ಒಂದು ಕಿಲೋ ಒಣದ್ರಾಕ್ಷಿಯಾಯಿತು. ನಾಲ್ಕಕ್ಕೆ ಒಂದು, ಶೆಡ್ಡಿನವರ ಲೆಕ್ಕವೂ ಅದೇ.

ನಮ್ಮ ಸಭೆಯಲ್ಲಿ ಕರ್ತನ ಭೋಜನಕ್ಕೆ ಹುಳಿಯದ ರಸವನ್ನು ಬಳಸುತ್ತಾರೆ. ಒಣದ್ರಾಕ್ಷಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಹಿಂಡಿ ಸೋಸುವುದು ಹೆಂಗಸರ ಕೆಲಸ. ಸಂಡೇ ಸ್ಕೂಲಿಗೆ ಹೊಸದಾಗಿ ಬಂದ ಮೇಲ್ವಿಚಾರಕಿ ಇಪ್ಪತ್ತೇಳು ವರ್ಷದ ಹುಡುಗಿ. ಒಂದು ವರ್ಷ ಅವಳೊಡನೆ ನಾನು ಸರಿಯಾಗಿ ಮಾತನಾಡಿರಲಿಲ್ಲ. ಅವಳೇ ಮನೆಗೆ ಬಂದು, "ಆಂಟಿ, ಈ ಸಲ ರಸಕ್ಕ ನಿಮ್ಮ ದ್ರಾಕ್ಷಿ ಕೊಡ್ತೀರೇನ್ರಿ?" ಎಂದು ಕೇಳಿದಳು. ಮಾರ್ಚ್ 28ರ ಗುರುವಾರ ಸಂಜೆ, ಶುಭ ಶುಕ್ರವಾರದ ಹಿಂದಿನ ರಾತ್ರಿಯ ಆರಾಧನೆಯಲ್ಲಿ, ಸಣ್ಣ ಲೋಟಗಳಲ್ಲಿ ಬಂದ ರಸ ನೇರಳೆಯಾಗಿರಲಿಲ್ಲ, ಜೇನಿನ ಬಣ್ಣದ್ದಾಗಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಇದೇನು ಚಹಾದ ಹಾಗಿದೆ ಎಂದು ಪಿಸುಗುಟ್ಟಿದರು.

ಈಸ್ಟರ್ ಕಳೆದ ಎರಡನೆಯ ಶನಿವಾರ ಆ ಹುಡುಗಿ ಹತ್ತು ಮಕ್ಕಳನ್ನು ಕರೆದುಕೊಂಡು ಚಾಟ್ನಿ ನೋಡಲು ಬಂದಳು. ಕತ್ತರಿಯನ್ನು ಅವಳ ಕೈಗೆ ಕೊಟ್ಟೆ. ಎರಡು ತಿಂಗಳ ಹಿಂದೆ ಹಣ್ಣು ಕೊಟ್ಟ ಕಡ್ಡಿಯನ್ನು ಹಿಡಿದುಕೊಂಡು ಅವಳು ನಿಂತೇ ಇದ್ದಳು. ಇನ್ನೂ ಅದರ ಮೇಲೆ ಹಸಿರು ಎಲೆಗಳಿದ್ದವು. "ಒಂದೆರಡು ಕಣ್ಣ ಬಿಟ್ಟು ಕತ್ತರಸವ್ವಾ, ಅಂಜಬ್ಯಾಡ" ಎಂದು ಹೇಳಿ, ಮಕ್ಕಳೆಲ್ಲ ಮೇಲಕ್ಕೆ ನೋಡುತ್ತಿರುವಾಗ ನಾನು ಬುಡದ ಹತ್ತಿರ ಬಗ್ಗಿದೆ. ಕಸಿಯ ಗಂಟಿನ ಕೆಳಗೆ ಎರಡು ಬೆರಳುದ್ದದ ಕಾಡುಚಿಗುರು ಹೊರಟಿತ್ತು. ಹೆಬ್ಬೆರಳಿನಿಂದ ಒತ್ತಿ ಚಿವುಟಿದೆ.